ಹಾಜರಿ ಹಾಕಿದ್ದಾಳೆ, ಆದರೆ ಎದ್ದು ನಿಲ್ಲುತ್ತಿಲ್ಲ

ನಾವು ಐದಾರು ಗೆಳತಿಯರು ದುಡ್ಡು ಹಾಕಿ, ಬಡ ಮಕ್ಕಳೇ ಹೆಚ್ಚಿರುವ ಒಂದು ಶಾಲೆಗೆ ಸ್ಯಾನಿಟರಿ ಪ್ಯಾಡ್ ಕೊಟ್ಟು ಬಂದಿದ್ದೆವು. ಫೋಟೋ ಕೂಡ ತೆಗೆಸಿಕೊಂಡೆವು. ಈಗ ಆ ಫೋಟೋ ನೋಡಿದರೆ ನಾಚಿಕೆಯಾಗುತ್ತದೆ: ಹುಡುಗಿಯರೆಲ್ಲ ನೆಲ ನೋಡುತ್ತಿದ್ದಾರೆ, ನಾವು ಮಾತ್ರ ಹಲ್ಲು ಕಿರಿದು ನಿಂತಿದ್ದೇವೆ.

ನಾಲ್ಕು ತಿಂಗಳು ಬಿಟ್ಟು ಹೋದರೆ ಪೆಟ್ಟಿಗೆಗಳು ಹೆಚ್ಚುಕಡಿಮೆ ಇಟ್ಟ ಹಾಗೇ ಇದ್ದವು. ಸ್ಟಾಫ್ ರೂಮಿನ ಕಪಾಟಿನಲ್ಲಿ, ಬೀಗ ಹಾಕಿ. ಬೇಕಾದವಳು ಬಂದು ಕೇಳಬೇಕು, ರಿಜಿಸ್ಟರಿನಲ್ಲಿ ಹೆಸರು, ತರಗತಿ, ತಾರೀಕು ಬರೆದು ಸಹಿ ಹಾಕಬೇಕು. ಪಕ್ಕದ ಕುರ್ಚಿಯಲ್ಲಿ ಗಣಿತದ ಮೇಷ್ಟ್ರು ಕೂತು ಉತ್ತರಪತ್ರಿಕೆ ತಿದ್ದುತ್ತಿರುತ್ತಾರೆ. ಹದಿಮೂರು ವರ್ಷದ ಯಾವ ಹುಡುಗಿ ಆ ಕೋಣೆಗೆ ಕಾಲಿಡುತ್ತಾಳೆ ಹೇಳಿ?

ನನಗೆ ಸಿಟ್ಟು ಬಂತು. ಹೆಡ್‌ಮೇಡಂ ಬಹಳ ಸಮಾಧಾನವಾಗಿ ಹೇಳಿದರು: "ಎಷ್ಟು ಮಕ್ಕಳಿಗೆ ಉಪಯೋಗವಾಯಿತು ಅಂತ ಲೆಕ್ಕ ಇಡಿ ಅಂದವರು ನೀವೇ ಅಲ್ಲವಾ?" ಹೌದು, ನಾವೇ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದುಡ್ಡು ಕೊಟ್ಟವರಿಗೆ ತೋರಿಸಲು ಲೆಕ್ಕ ಬೇಕಿತ್ತು. ಹಾಜರಿ ಎಷ್ಟು ಹೆಚ್ಚಾಯಿತು ಎಂಬ ಲೆಕ್ಕವನ್ನೂ ಕೇಳಿದ್ದೆವು.

ಈ ಹಾಜರಿಯ ವಿಚಾರವನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಶಾಲಾ ಹುಡುಗಿಯರಿಗೆ ಪ್ಯಾಡ್ ಕೊಡಿ ಎಂದು ಯಾರೇ ಕೇಳಲಿ, ಮೊದಲ ವಾಕ್ಯ ಇದೇ: ಮುಟ್ಟಿನ ದಿನಗಳಲ್ಲಿ ಹುಡುಗಿಯರು ಶಾಲೆ ತಪ್ಪಿಸುತ್ತಾರೆ. ತಪ್ಪಿಸುವವರು ಇದ್ದಾರೆ, ಸುಳ್ಳಲ್ಲ. ಆದರೆ ಅಳೆಯಲು ಹೋದವರಿಗೆಲ್ಲ ಒಂದೇ ಉತ್ತರ ಸಿಕ್ಕಿಲ್ಲ. ನೇಪಾಳದ ಚಿತವನದಲ್ಲಿ ಎಮಿಲಿ ಆಸ್ಟರ್ ಮತ್ತು ರೆಬೆಕಾ ಥಾರ್ನ್‌ಟನ್ ಎಂಬ ಅರ್ಥಶಾಸ್ತ್ರಜ್ಞೆಯರು ಚೀಟಿ ಎತ್ತಿದ ಹಾಗೆ ಆರಿಸಿ ಕೆಲವು ಹುಡುಗಿಯರಿಗೆ ಮುಟ್ಟಿನ ಕಪ್ (ದೇಹದೊಳಗೆ ಇಟ್ಟುಕೊಂಡು ರಕ್ತ ಹಿಡಿಯುವ, ತೊಳೆದು ಮತ್ತೆ ಬಳಸುವ ಪುಟ್ಟ ಬಟ್ಟಲು) ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 2011ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, 180 ದಿನಗಳ ಶಾಲಾ ವರ್ಷದಲ್ಲಿ ಮುಟ್ಟಿನಿಂದಾಗಿ ತಪ್ಪುತ್ತಿದ್ದುದು ಅರ್ಧ ದಿನಕ್ಕೂ ಕಡಿಮೆ. ಕಪ್ ಕೊಟ್ಟಮೇಲೂ ಹಾಜರಿ ಮೇಲೇಳಲಿಲ್ಲ. ಆದರೆ ಉಗಾಂಡಾದ ಕಮುಲಿಯಲ್ಲಿ ಎಂಟು ಶಾಲೆಗಳಲ್ಲಿ ನಡೆದು 2016ರಲ್ಲಿ ಹೊರಬಂದ ಅಧ್ಯಯನ ಬೇರೆಯೇ ಹೇಳಿತು: ಪ್ಯಾಡೋ ಮುಟ್ಟಿನ ಬಗೆಗಿನ ಪಾಠವೋ ಎರಡೂವೋ ಸಿಕ್ಕ ಶಾಲೆಗಳಿಗಿಂತ ಏನೂ ಸಿಗದ ಶಾಲೆಗಳಲ್ಲಿ ಹಾಜರಿ ಹೆಚ್ಚು ಕುಸಿದಿತ್ತು.

ಎರಡರಲ್ಲಿ ಯಾವುದು ಸರಿ ಎಂದು ಜಗಳವಾಡುವವರು ಆಡಲಿ. ನನಗನ್ನಿಸುವುದು, ನಾವು ತಪ್ಪು ಪುಸ್ತಕ ತೆಗೆದು ನೋಡುತ್ತಿದ್ದೇವೆ. ನೇಪಾಳದ ಆ ಹುಡುಗಿಯರು ಕಪ್ ಬೇಡ ಎನ್ನಲಿಲ್ಲ. ಬಟ್ಟೆ ಒಗೆಯುವ ಕೆಲಸ ಕಡಿಮೆಯಾಯಿತು, ಓಡಾಡಲು ಸಲೀಸಾಯಿತು ಎಂದು ಬಳಸಿದರು. ಹಾಜರಿ ಪುಸ್ತಕದಲ್ಲಿ ಅದಕ್ಕೆ ಕಾಲಮ್ ಇಲ್ಲ, ಅಷ್ಟೆ.

ನಾನೂ ಆ ದಿನಗಳಲ್ಲಿ ಶಾಲೆ ತಪ್ಪಿಸಿದವಳಲ್ಲ. ಹೋಗುತ್ತಿದ್ದೆ. ಹಳೇ ಬಟ್ಟೆ ಮಡಿಸಿಟ್ಟುಕೊಂಡು ಹೋಗಿ ಗೋಡೆ ಬದಿಯ ಬೆಂಚಿನಲ್ಲಿ ಕೂತರೆ ಕೊನೆಯ ಗಂಟೆ ಹೊಡೆಯುವವರೆಗೂ ಏಳುತ್ತಿರಲಿಲ್ಲ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ಎತ್ತಿದರೆ ಎದ್ದು ನಿಲ್ಲಬೇಕಲ್ಲ. ನೀರು ಕುಡಿಯುತ್ತಿರಲಿಲ್ಲ, ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಹೊರಡುವಾಗ ಗೆಳತಿಯ ಕಿವಿಯಲ್ಲಿ, "ಏ, ಹಿಂದೆ ಸ್ವಲ್ಪ ನೋಡೇ." ಅವಳು ಒಂದು ಹೆಜ್ಜೆ ಹಿಂದೆ ಉಳಿದು, "ಏನಿಲ್ಲ, ನಡಿ" ಎನ್ನುತ್ತಿದ್ದಳು. ಆ 'ಏನಿಲ್ಲ' ಕೇಳಿದಮೇಲೇ ಸರಿಯಾಗಿ ಉಸಿರು ಬರುತ್ತಿದ್ದುದು. ಇಷ್ಟೆಲ್ಲ ಆದ ದಿನವೂ ನನ್ನ ಹೆಸರಿನ ಮುಂದೆ ಹಾಜರಿ ಇದೆ. ಹಾಜರಿ ಏರದಿದ್ದರೆ ಈ ಖರ್ಚು ದಂಡ ಎನ್ನುವವರು ಒಂದು ದಿನ ಹಾಗೆ ಕೂತು ನೋಡಲಿ.

ಇನ್ನು ಕೊಡುವ ವಿಷಯ. ನಾವು ಕೊಟ್ಟಿದ್ದು ತಲೆಗೆ ಒಂದೊಂದು ಪ್ಯಾಕೆಟ್. ಐದು ದಿನ, ದಿನಕ್ಕೆ ನಾಲ್ಕು ಎಂದರೂ ತಿಂಗಳಿಗೆ ಇಪ್ಪತ್ತು, ವರ್ಷಕ್ಕೆ 240. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಎನ್ನುವುದನ್ನು ಓದಿದವರೆಲ್ಲ ಹೇಳುತ್ತೇವೆ. ಕೈಯಲ್ಲಿ ಎಂಟೇ ಪ್ಯಾಡ್ ಇರುವ ಹುಡುಗಿ ಬೆಳಗ್ಗೆ ಇಟ್ಟಿದ್ದನ್ನು ರಾತ್ರಿವರೆಗೆ ಎಳೆಯುತ್ತಾಳೆ. ಅದು ಅಜ್ಞಾನವಲ್ಲ, ಲೆಕ್ಕಾಚಾರ. ಎಂಟನ್ನು ಐದು ದಿನಕ್ಕೆ ಹಂಚಬೇಕಾದರೆ ನೀವಾದರೂ ಏನು ಮಾಡುತ್ತೀರಿ?

ಹಾಗಿದ್ದರೆ ಮತ್ತೆ ಮತ್ತೆ ಬಳಸುವಂಥದ್ದನ್ನೇ ಕೊಟ್ಟುಬಿಡಿ, ಪರಿಸರಕ್ಕೂ ಒಳ್ಳೆಯದು ಎನ್ನುತ್ತಾರೆ. ಒಳ್ಳೆಯದೇ. ಒಂದು ಕಪ್ ಜೋಪಾನವಾಗಿಟ್ಟರೆ ಹತ್ತು ವರ್ಷದವರೆಗೂ ಬರಬಹುದು. ಆದರೆ ಅದನ್ನು ಕುದಿಸಲು ಒಂದು ಪಾತ್ರೆ ಬೇಕು, ಯಾರೂ ಇಣುಕದ ಹತ್ತು ನಿಮಿಷ ಬೇಕು. ಬಟ್ಟೆ ಪ್ಯಾಡಿಗೆ ನೀರು, ಸೋಪು, ಒಣಗಲು ಬಿಸಿಲು ಬೇಕು. ಇಡೀ ಮನೆಯೇ ಒಂದು ಕೋಣೆಯಾಗಿರುವ ಕಡೆ ಇವೆಲ್ಲ ಸಣ್ಣ ಮಾತಲ್ಲ. ಯಾವುದು ಬೇಕು ಎಂದು ಬಳಸುವವಳನ್ನೇ ಕೇಳುವುದು ನಮಗೇಕೆ ಹೊಳೆಯುವುದಿಲ್ಲವೋ. ಆ ಶಾಲೆಯಲ್ಲಿ ನಾವಂತೂ ಕೇಳಿರಲಿಲ್ಲ.

ಸರ್ಕಾರಗಳ ಕಡೆಗೆ ಬಂದರೆ ಕೆನ್ಯಾದ್ದು ಗಮನಿಸಬೇಕಾದ ದಾರಿ. 2004ರಲ್ಲೇ ಪ್ಯಾಡಿನ ಮೇಲಿನ ಮೌಲ್ಯವರ್ಧಿತ ತೆರಿಗೆ ತೆಗೆದರು. ತೆರಿಗೆ ಇಳಿಯಲಿ, ಸಂತೋಷ. ಆದರೆ ಕೊಳ್ಳುವ ಶಕ್ತಿಯೇ ಇಲ್ಲದ ಮನೆಗೆ ಅದರಿಂದ ಆಗುವುದು ಅಷ್ಟಕ್ಕಷ್ಟೆ. 2017ರಲ್ಲಿ ಶಿಕ್ಷಣ ಕಾಯ್ದೆಗೇ ತಿದ್ದುಪಡಿ ತಂದು, ಸರ್ಕಾರಿ ಶಾಲೆಯ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವುದನ್ನೂ ಬಳಸಿದ್ದನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವುದನ್ನೂ ಸರ್ಕಾರದ ಹೊಣೆಯಾಗಿಸಿದರು. ಸ್ಕಾಟ್ಲೆಂಡಿನ ಸಂಸತ್ತು 2020ರ ನವೆಂಬರ್‌ನಲ್ಲಿ ಒಂದೇ ಒಂದು ವಿರೋಧದ ಮತವಿಲ್ಲದೆ ಮುಟ್ಟಿನ ಸಾಮಗ್ರಿ ಉಚಿತವಾಗಿ ಕೊಡುವ ಮಸೂದೆ ಒಪ್ಪಿತು. ಮೋನಿಕಾ ಲೆನನ್ ಎಂಬ ಸದಸ್ಯೆ ತಂದಿದ್ದು. 2022ರ ಆಗಸ್ಟ್‌ನಿಂದ ಅಲ್ಲಿ ಬೇಕಾದವರಿಗೆಲ್ಲ ಉಚಿತ. ಆ ಕಾನೂನಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಷರತ್ತು: ಸಾಕಷ್ಟು ಸುಲಭವಾಗಿ ಸಿಗಬೇಕು, ಪಡೆಯುವವರ ಘನತೆ ಕಾಪಾಡುವ ಹಾಗೆ ಸಿಗಬೇಕು. ಬೀಗ ಹಾಕಿದ ಕಪಾಟಿಗೂ ಸಹಿಯ ರಿಜಿಸ್ಟರಿಗೂ ಅಲ್ಲಿ ಜಾಗವಿಲ್ಲ. ಶ್ರೀಮಂತ ದೇಶ ಬಿಡಿ ಎನ್ನಬೇಡಿ, ಪೆಟ್ಟಿಗೆಯನ್ನು ಕಪಾಟಿನಿಂದ ತೆಗೆದು ಹೊರಗಿಡಲು ಯಾವ ಬಜೆಟ್ಟೂ ಬೇಕಿಲ್ಲ.

ನಾವು ಮಾಡಿದ್ದೂ ಅಷ್ಟೇ. ಹೆಡ್‌ಮೇಡಂ ಒಪ್ಪಿದರು, ರಿಜಿಸ್ಟರು ಹೋಯಿತು, ಪೆಟ್ಟಿಗೆ ಹುಡುಗಿಯರ ಶೌಚಾಲಯದ ಗೂಡಿಗೆ ಬಂತು. ಒಂಬತ್ತೇ ದಿನಕ್ಕೆ ಖಾಲಿ! "ನೋಡಿದ್ರಾ, ಮನೆಗೆ ಕದ್ದೊಯ್ಯುತ್ತಿದ್ದಾರೆ" ಎಂದು ಒಬ್ಬ ಟೀಚರ್ ಫೋನ್ ಮಾಡಿದರು. ಒಯ್ಯದೆ ಏನು ಮಾಡಿಯಾರು? ಮುಟ್ಟೇನು ಸಂಜೆ ಶಾಲೆಯ ಗಂಟೆ ಹೊಡೆದ ಕೂಡಲೇ ನಿಲ್ಲುತ್ತದೆಯೇ, ಭಾನುವಾರ ರಜೆ ಹಾಕುತ್ತದೆಯೇ? ಮನೆಯಲ್ಲಿ ಅಕ್ಕ ಇರುತ್ತಾಳೆ, ಅಮ್ಮ ಇರುತ್ತಾಳೆ. ಮತ್ತೆ ತುಂಬಿಸಿದೆವು. ಎರಡನೇ ಸಲವೂ ಬೇಗ ಮುಗಿಯಿತು, ಮೂರನೆಯ ತಿಂಗಳಿಗೆ ತಾನಾಗಿ ಒಂದು ಹದಕ್ಕೆ ಬಂತು. ನಾಳೆಯೂ ಇರುತ್ತದೆ ಎಂಬ ನಂಬಿಕೆ ಬಂದಮೇಲೆ ಕೂಡಿಡುವ ಅವಸರ ಯಾರಿಗೂ ಇರಲಿಲ್ಲ ಅಂತ ಕಾಣುತ್ತದೆ.

ಆಗಲೇ ಮೊದಲ ಸಲ ಹುಡುಗಿಯರ ಜೊತೆ ಕೂತು ಮಾತಾಡಿದ್ದು. ಪ್ಯಾಡಿನ ಬಗ್ಗೆ ಕೇಳಿದರೆ ಎಲ್ಲರೂ "ಚೆನ್ನಾಗಿದೆ ಅಕ್ಕಾ" ಎಂದು ನಕ್ಕು ಸುಮ್ಮನಾದರು. ಬೇರೇನು ಬೇಕು ಎಂದಾಗ ಹಿಂದೆ ಕೂತಿದ್ದವಳೊಬ್ಬಳು, "ಬಾಗಿಲಿಗೆ ಚಿಲಕ ಇಲ್ಲ" ಎಂದಳು. ಇನ್ನೊಬ್ಬಳು ಸೇರಿಸಿದಳು, "ಬಿಸಾಕಕ್ಕೂ ಜಾಗ ಇಲ್ಲ. ಬ್ಯಾಗಲ್ಲಿ ಇಟ್ಕೊಂಡು ಹೋಗ್ತೀವಿ." ಇದು ಆ ಒಂದು ಶಾಲೆಯ ಕಥೆಯಲ್ಲ. ಜಗತ್ತಿನ ಶಾಲೆಗಳಲ್ಲಿ ಹುಡುಗಿಯರ ಶೌಚಾಲಯದೊಳಗೆ ಇದಕ್ಕೆಂದು ಕಸದ ಬುಟ್ಟಿ ಇರುವುದು ನೂರಕ್ಕೆ 31ರಲ್ಲಿ ಮಾತ್ರ ಎಂದು ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿವೆ. ಓದಿದಾಗ ಅದು ನನಗೆ ಬರೀ ಅಂಕಿಯಾಗಿತ್ತು. ಬೆಳಗ್ಗೆ ಬಳಸಿದ್ದನ್ನು ಕಾಗದದಲ್ಲಿ ಸುತ್ತಿ, ಸಂಜೆವರೆಗೆ ಪುಸ್ತಕಗಳ ಮಧ್ಯೆ ಇಟ್ಟುಕೊಂಡಿರುವ ಬ್ಯಾಗು ಕಣ್ಣೆದುರಿಗೆ ಬಂದದ್ದು ಅವಳು ಹೇಳಿದಮೇಲೆ.

ಆ ತಿಂಗಳ ದುಡ್ಡಿನಲ್ಲಿ ಪ್ಯಾಡ್ ಸ್ವಲ್ಪ ಕಡಿಮೆ ಕೊಂಡೆವು. ಮುಚ್ಚಳದ ಬುಟ್ಟಿ ಎರಡು, ಚಿಲಕ ಮೂರು, ತಿರುಪುಮೊಳೆ ಒಂದು ಪೊಟ್ಟಣ. ದುಡ್ಡು ಕೊಟ್ಟವರೊಬ್ಬರು ಗುಂಪಿನಲ್ಲಿ ಬಿಲ್ ನೋಡಿ, ಚಿಲಕ ಯಾಕೆ ಎಂದು ಕೇಳಿದ್ದಾರೆ. ಅವರಿಗೆ ಬರೆಯಲು ಕೂತಿದ್ದು ಇಷ್ಟುದ್ದ ಆಯಿತು.