ಬ್ಯಾಟು ಕಡ ಒಯ್ದವರ ಉಪಕಾರ

ಕಡ ಕೊಟ್ಟ ಕ್ರಿಕೆಟ್ ಬ್ಯಾಟು ಯಾವ ಗತಿಯಲ್ಲಿ ಮರಳುತ್ತದೆ ಎಂಬುದನ್ನು ನೋಡಬೇಕಿದ್ದರೆ ನಮ್ಮ ಮನೆಗೆ ಬನ್ನಿ. ತುದಿ ಊದಿಕೊಂಡಿದೆ, ಅಲ್ಲಿಂದ ಕಪ್ಪು ಕಲೆ ಮೇಲೇರಿದೆ, ಮುಖದ ತುಂಬ ಎಣ್ಣೆಯ ಕಂದು ಮಚ್ಚೆಗಳು. ಒಯ್ದ ನೆರೆಮನೆಯ ಮಹಾಶಯರು ಹಲ್ಲು ಕಿರಿಯುತ್ತ, "ಮಳೆಯಲ್ಲಿ ನೆನೆದಿತ್ತು, ಅದಕ್ಕೇ ಕೊಬ್ಬರಿ ಎಣ್ಣೆ ಚೆನ್ನಾಗಿ ತಿಕ್ಕಿದ್ದೇನೆ" ಎನ್ನುತ್ತಾರೆ. ಬ್ಯಾಟಿಗೇನು ದೀಪಾವಳಿಯ ಅಭ್ಯಂಜನವೇ?

ಬಣ್ಣ ಬದಲಾಯಿತೆಂದು ನಾನು ಕೂಗಾಡುತ್ತಿಲ್ಲ. ಬಿಸಿಲಿಗೆ, ಅಗಸೆ ಎಣ್ಣೆಗೆ ಬ್ಯಾಟು ಮಾಡುವ ವಿಲೋ ಮರ ಜೇನುಬಣ್ಣಕ್ಕೆ ತಿರುಗುವುದು ಸಹಜ. ಚೆಂಡಿನ ಕೆಂಪು ಗುರುತುಗಳೂ ಇರಲಿ, ಆಡಿದ್ದಕ್ಕೆ ಅವೇ ಸಾಕ್ಷಿ. ಕೆಲವು ಬ್ಯಾಟುಗಳ ಒಂದು ಬದಿಯಲ್ಲಿ ಕಾಣುವ ಕಂದು ಪಟ್ಟಿ ಮರದ ಕೆಚ್ಚು, ಅದೂ ದೋಷವಲ್ಲ. ಆದರೆ ನನ್ನ ಬ್ಯಾಟಿನ ಈ ಕಪ್ಪು ನೀರು ಕುಡಿದ ಗುರುತು. ತುದಿಯಲ್ಲಿ ಮರದ ಎಳೆಗಳ ಬಾಯಿ ತೆರೆದಿರುತ್ತದೆ. ತೇವ ಅಲ್ಲಿಂದಲೇ ನುಗ್ಗಿ ಮರವನ್ನು ಉಬ್ಬಿಸುತ್ತದೆ, ಸೀಳುತ್ತದೆ. ಕ್ರೀಸಿನ ಕೆಸರಿಗೆ ಬ್ಯಾಟು ಕುಟ್ಟುತ್ತ ನಿಲ್ಲುವ ವೀರರಿಗೆ ಇದು ಹೊಳೆಯುವುದೇ ಇಲ್ಲ. ನಿಯಮದ ಪ್ರಕಾರ ಬ್ಯಾಟಿನ ಅಗಲ 10.8 ಸೆಂಟಿಮೀಟರ್ ಮೀರಬಾರದು. ಇದು ಹೀಗೆಯೇ ಊದುತ್ತ ಹೋದರೆ ಅಂಪೈರರೇ ಹೊರಗಿಟ್ಟಾರು!

ನೆನೆದರೆ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಮಲಗಿಸಿ ಒಣಗಿಸಿದ್ದರೆ ಸಾಕಿತ್ತು. ಒದ್ದೆ ಮರಕ್ಕೆ ಎಣ್ಣೆ ಬಳಿದರೆ ತೇವ ಒಳಗೇ ಕೂರುತ್ತದೆ. ಬ್ಯಾಟಿಗೆ ಹಚ್ಚುವುದು ಕುದಿಸದ ಅಗಸೆ ಎಣ್ಣೆ, ಅದೂ ಒಂದು ಚಮಚದಷ್ಟು, ಬಟ್ಟೆಯಲ್ಲಿ ತೆಳ್ಳಗೆ. ಅದು ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಹಾಗೆ ಒಣಗುವುದೇ ಇಲ್ಲ. ಧೂಳನ್ನೆಲ್ಲ ಅಂಟಿಸಿಕೊಂಡು ಜಿಡ್ಡುಗಟ್ಟುತ್ತದೆ, ಬ್ಯಾಟನ್ನು ಭಾರವಾಗಿಸುತ್ತದೆ. ಇವರೋ ಹಿಡಿಕೆ ಕೂಡುವ ಜಾಗವನ್ನೂ ಬಿಟ್ಟಿಲ್ಲ. ಅಲ್ಲಿನ ಅಂಟು ಸಡಿಲವಾದರೆ ಯಾರನ್ನು ಕೇಳಲಿ?

ಚೆಂಡಿನ ಹೊಡೆತಕ್ಕೆ ಹದವಾಗಲೆಂದು ಮರದ ಸುತ್ತಿಗೆಯಿಂದ ಗಂಟೆಗಟ್ಟಲೆ ಕುಟ್ಟಿದ ಬ್ಯಾಟು ಇದು. ಆ ಸದ್ದಿಗೆ ಮನೆಯವರಿಂದ ಬೈಸಿಕೊಂಡದ್ದು ಬೇರೆ. "ಉಪ್ಪು ಕಾಗದ ಹಾಕಿ ಉಜ್ಜಿ, ಹೊಸದರಂತಾಗುತ್ತದೆ" ಎಂಬ ಉಪದೇಶವನ್ನೂ ಕೊಟ್ಟು ಹೋದರು ಪುಣ್ಯಾತ್ಮರು. ಮೇಲಿನ ಕಲೆ ಹೋದೀತು ಸ್ವಾಮಿ, ಒಳಗಿನ ಊತ ಹೋಗುತ್ತದೆಯೇ?

ಈ ಭಾನುವಾರವೂ ಬ್ಯಾಟು ಬೇಕಂತೆ. ಕೊಡುವುದಿಲ್ಲ. ಅಗಸೆ ಎಣ್ಣೆಯ ಬಾಟಲಿ ಬೇಕಾದರೆ ಕೊಡುತ್ತೇನೆ, ತಮ್ಮದೇ ಬ್ಯಾಟು ಕೊಂಡು ಹಚ್ಚಿಕೊಳ್ಳಲಿ.