ಒಂದೇ ಕಂಪ್ಯೂಟರ್, ಎರಡು ಟೆಕ್

ಪುಸ್ತಕ ಪ್ರೆಸ್‌ಗೆ ಹೋಗುವ ಹಿಂದಿನ ರಾತ್ರಿ ಅಪ್‌ಡೇಟ್ ಒತ್ತಬೇಡಿ ಅಂತ ಕಂಡಕಂಡವರಿಗೆಲ್ಲ ಹೇಳುತ್ತಿದ್ದವನು ನಾನು. ಹೋದ ತಿಂಗಳು ನಾನೇ ಒತ್ತಿದೆ.

212 ಪುಟದ ಪುಸ್ತಕ, ಲೇಟೆಕ್‌ನಲ್ಲಿ, ಅಂದರೆ ಟೆಕ್ ಅನ್ನುವ ಪುಟ ಕಟ್ಟುವ ಸಾಫ್ಟ್‌ವೇರ್ ಮೇಲೆ ನಿಂತ ವ್ಯವಸ್ಥೆಯಲ್ಲಿ, ಕೂರಿಸಿದ್ದು. ಕೋಷ್ಟಕ ಬರೆಯುವ ಒಂದು ಪ್ಯಾಕೇಜ್‌ನ (ಲೇಟೆಕ್‌ಗೆ ಸೇರಿಸಿಕೊಳ್ಳುವ ಪುಟ್ಟ ಸಾಧನ) ಹೊಸ ಆಪ್ಷನ್ ಬೇಕಿತ್ತು. ಅಪ್‌ಡೇಟ್ ತಕರಾರಿಲ್ಲದೆ ಮುಗಿಯಿತು. ಎಡಿಟರ್‌ನಲ್ಲಿ ಫೈಲ್ ಓಡಿಸಿದರೆ 'ಈ ಆಪ್ಷನ್ ನನಗೆ ಗೊತ್ತಿಲ್ಲ' ಅಂತ ಎರರ್. ಅದೇ ಫೈಲನ್ನು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಓಡಿಸಿದೆ. ಪಿಡಿಎಫ್ ಚೆನ್ನಾಗೇ ಬಂತು! ಮತ್ತೆ ಎಡಿಟರ್, ಮತ್ತೆ ಎರರ್. ಎರಡು ಗಂಟೆ ಇದೇ ಆಟ. ಸಿಟ್ಟಿಗೆ ಎಲ್ಲ ಕಿತ್ತು ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅನ್ನಿಸಿತು. ಟೆಕ್, ಅದರ ಪ್ಯಾಕೇಜ್‌ಗಳು ಎಲ್ಲ ಸೇರಿದ ಕಟ್ಟು ಟೆಕ್ ಲೈವ್, ಪೂರ್ತಿ ಇಳಿಸುವುದೆಂದರೆ ಹಲವು ಜಿಬಿ. ಬೆಳಗಾಗುತ್ತಿತ್ತು.

ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಓಡಿಸಿದಾಗ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್ ತೆರೆದು ಅದರ ಮೊದಲ ಸಾಲು ಓದಿದೆ. ಎಲ್ಲರೂ ಲಾಗ್‌ನ ಕೊನೆಗೆ ಹಾರುತ್ತೇವೆ, ಅಲ್ವಾ? ಮೊದಲ ಸಾಲಲ್ಲಿ ಯಾವ ಎಂಜಿನ್ (ಪುಟ ಕಟ್ಟುವ ಪ್ರೋಗ್ರಾಂ), ಯಾವ ವರ್ಷದ್ದು ಅಂತ ಬರೆದಿರುತ್ತದೆ. ಟರ್ಮಿನಲ್‌ನ ಲಾಗ್‌ನಲ್ಲಿ 'ಟೆಕ್ ಲೈವ್ 2024'. ಎಡಿಟರ್‌ನ ಲಾಗ್‌ನಲ್ಲಿ 'ಟೆಕ್ ಲೈವ್ 2023/ಡೆಬಿಯನ್'. ಅಂದರೆ ನನ್ನ ಕಂಪ್ಯೂಟರ್‌ನಲ್ಲಿ ಎರಡು ಟೆಕ್ ಇದ್ದವು. ಒಂದು ಲಿನಕ್ಸ್ ಜೊತೆ ಆಪ್ಟ್ (ಡೆಬಿಯನ್ ಬಗೆಯ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕುವ ಸಾಧನ) ಮೂಲಕ ಬಂದದ್ದು, ಇನ್ನೊಂದು ಆಮೇಲೆ ನಾನೇ ಟೆಕ್ ಲೈವ್‌ನ ಇನ್‌ಸ್ಟಾಲರ್‌ನಿಂದ ಹಾಕಿಕೊಂಡದ್ದು. ಹೊಸದರ ದಾರಿಯನ್ನು ಪಾತ್‌ಗೆ, ಅಂದರೆ ಪ್ರೋಗ್ರಾಂಗಳನ್ನು ಎಲ್ಲಿ ಹುಡುಕಬೇಕು ಅನ್ನುವ ಪಟ್ಟಿಗೆ, ಸೇರಿಸಿದ್ದೆ. ಆದರೆ ಟರ್ಮಿನಲ್‌ನ ಕಮಾಂಡ್‌ಗಳನ್ನು ಓದುವ ಬ್ಯಾಶ್‌ನ ಸೆಟ್ಟಿಂಗ್ ಫೈಲ್‌ನಲ್ಲಿ ಬರೆದ ಪಾತ್ ಟರ್ಮಿನಲ್‌ಗೆ ಮಾತ್ರ ಕಾಣುತ್ತದೆ. ಐಕಾನ್ ಒತ್ತಿ ತೆರೆದ ಎಡಿಟರ್ ಅದನ್ನು ಓದುವುದೇ ಇಲ್ಲ. ಅದು ಹಳೇ ಟೆಕ್ಕನ್ನೇ ಕರೆಯುತ್ತಿತ್ತು. ಎಡಿಟರ್‌ನ ಸೆಟ್ಟಿಂಗ್‌ನಲ್ಲಿ ಹೊಸ ಟೆಕ್‌ನ ಪೂರ್ತಿ ವಿಳಾಸ ಕೊಟ್ಟೆ. ಐದು ನಿಮಿಷದಲ್ಲಿ ಮುಗಿಯಿತು.

ನನ್ನನ್ನು ಕೇಳಿದರೆ, ಟೆಕ್ ಕೆಟ್ಟಿದೆ ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಂಥವೇ. ಸಾಫ್ಟ್‌ವೇರ್ ಕೆಟ್ಟಿರುವುದಿಲ್ಲ. ನಾವು ಒಂದನ್ನು ರಿಪೇರಿ ಮಾಡುತ್ತಾ ಇನ್ನೊಂದನ್ನು ಓಡಿಸುತ್ತಿರುತ್ತೇವೆ.

ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಸುಡೋ ಹಾಕಿದರೂ ಇದೇ ಗೋಳು. ಟೆಕ್ ಲೈವ್‌ನ ಅಪ್‌ಡೇಟ್ ಮಾಡುವವನು ಟಿಎಲ್‌ಮ್ಯಾನೇಜರ್. ಸುಡೋ ಜೊತೆ ಕರೆದರೆ 'ಅಂಥ ಕಮಾಂಡ್ ಇಲ್ಲ' ಅನ್ನುತ್ತದೆ, ಯಾಕಂದರೆ ಸುಡೋ ನಿಮ್ಮ ಪಾತ್ ಬಿಟ್ಟು ತನ್ನದೇ ಪಾತ್ ಹಿಡಿಯುತ್ತದೆ. ಆಗ ಜನ ಏನು ಮಾಡುತ್ತಾರೆ? ಅದನ್ನು ಆಪ್ಟ್‌ನಿಂದ ಹಾಕಿಕೊಳ್ಳುತ್ತಾರೆ. ಜೊತೆಗೆ ಎರಡನೇ ಟೆಕ್ ಒಳಗೆ ಬರುತ್ತದೆ. ಗಂಟು ಬಿಚ್ಚಲು ಹೋಗಿ ಇನ್ನೊಂದು ಗಂಟು. ವಿಂಡೋಸ್‌ನಲ್ಲಿ ಮಿಕ್‌ಟೆಕ್ (ಟೆಕ್ ಲೈವ್‌ನಂಥದೇ ಇನ್ನೊಂದು ಕಟ್ಟು) ಬಳಸುವವರದು ಇದೇ ಕಥೆಯ ಇನ್ನೊಂದು ರೂಪ: ಎಲ್ಲರಿಗೂ ಅಂತ ಇನ್‌ಸ್ಟಾಲ್ ಮಾಡಿದ್ದರೆ ಅಡ್ಮಿನ್ ಆಗಿ ಒಂದು ಸಲ, ಬಳಕೆದಾರನಾಗಿ ಒಂದು ಸಲ ಅಪ್‌ಡೇಟ್ ಮಾಡಬೇಕು. ಒಂದನ್ನೇ ಮಾಡಿ ಬಿಟ್ಟರೆ ಅರ್ಧ ಹೊಸದು, ಅರ್ಧ ಹಳೆಯದು.

ಇನ್ನೊಂದು, ವರ್ಷಕ್ಕೊಮ್ಮೆ ಎಲ್ಲರನ್ನೂ ಹೆದರಿಸುವ ಸಂದೇಶ. 'ನಿಮ್ಮ ಟೆಕ್ ಲೈವ್ 2023, ಸರ್ವರ್‌ನಲ್ಲಿರುವುದು 2024, ಅಪ್‌ಡೇಟ್ ಆಗಲ್ಲ.' ಇದು ದೋಷವಲ್ಲ. ಟೆಕ್ ಲೈವ್ ಪ್ರತಿ ವರ್ಷ ಹೊಸದಾಗಿ ಬರುತ್ತದೆ. ಹೊಸದು ಬಂದ ಮೇಲೆ ಹಳೆಯದಕ್ಕೆ ಅಪ್‌ಡೇಟ್ ನಿಂತುಹೋಗುತ್ತದೆ. ಹೊಸ ವರ್ಷದ್ದನ್ನು ಪಕ್ಕದಲ್ಲೇ ಬೇರೆ ಫೋಲ್ಡರ್‌ನಲ್ಲಿ ಹಾಕಿಕೊಳ್ಳಿ, ಪಾತ್‌ನಲ್ಲಿ ವರ್ಷ ಬದಲಿಸಿ, ಅಷ್ಟೇ. ಎರಡು ವರ್ಷದ್ದು ಅಕ್ಕಪಕ್ಕ ಇದ್ದರೆ ತೊಂದರೆಯಿಲ್ಲ, ಎರಡು ಇವೆ ಅನ್ನುವುದು ನಿಮಗೆ ಗೊತ್ತಿದ್ದರೆ! ಹಳೆಯದರಲ್ಲೇ ಇದ್ದು ಯಾವುದೋ ಒಂದು ಪ್ಯಾಕೇಜ್ ಬೇಕೆಂದರೆ, ಹಳೇ ವರ್ಷಗಳ ಕೊನೆಯ ರೂಪವನ್ನು ಅವರು ಆರ್ಕೈವ್‌ನಲ್ಲಿ ಇಟ್ಟಿರುತ್ತಾರೆ. ಟಿಎಲ್‌ಮ್ಯಾನೇಜರ್‌ಗೆ ಆ ವಿಳಾಸ ಕೊಟ್ಟರಾಯಿತು.

ಎಲ್ಲಕ್ಕೂ ಅಪ್‌ಡೇಟೇ ಮದ್ದು ಅನ್ನುವ ನಂಬಿಕೆ ನನಗಿಲ್ಲ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1978ರಲ್ಲಿ ಕೊಟ್ಟ ಟೆಕ್ ಈಗ ಬದಲಾಗುವುದು ತೀರಾ ಅಪರೂಪ. ಅದರ ಆವೃತ್ತಿ ಸಂಖ್ಯೆ ಪೈ ಬೆಲೆಯ ಕಡೆಗೆ ಒಂದೊಂದೇ ಅಂಕಿ ತೆವಳುತ್ತಿದೆ. 2021ರಲ್ಲಿ 3.141592653ಕ್ಕೆ ಬಂದು ನಿಂತಿದೆ. ಆದರೆ ಅದರ ಸುತ್ತ ಇರುವ ಸಾವಿರಾರು ಪ್ಯಾಕೇಜ್‌ಗಳು ಸುಮ್ನೆ ಕೂರುವ ಜಾತಿಯವಲ್ಲ. ಅಪ್‌ಡೇಟ್ ಅಂದರೆ ಅವನ್ನೆಲ್ಲ ಒಟ್ಟಿಗೆ ಅಲುಗಾಡಿಸುವುದು. ಕೆಲಸ ನಡೆಯುತ್ತಿರುವಾಗ ಅದನ್ನು ಯಾಕೆ ಮಾಡಬೇಕು?

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಇನ್ನೂ ಒಂದು ಮಾತು. ಮೊನ್ನೆ ಗೆಳೆಯನೊಬ್ಬ ಕರೆ ಮಾಡಿದ. "ಮೂರು ಸಲ ಇನ್‌ಸ್ಟಾಲ್ ಮಾಡ್ದೆ ಕಣೋ, ಒತ್ತಕ್ಷರ ಕೂಡ್ತಾನೇ ಇಲ್ಲ. 'ಅಕ್ಷರ' ಅಂತ ಬರೆದ್ರೆ ಷಕಾರ ಕೆಳಗಿಳಿಯದೆ ಪಕ್ಕಕ್ಕೆ ನಿಲ್ತಿದೆ." ಫೈಲ್ ತರಿಸಿ ನೋಡಿದೆ. ಫಾಂಟ್ ಹೆಸರು ಕೊಟ್ಟಿದ್ದ, ಆದರೆ ಫಾಂಟ್ ಆರಿಸುವ ಪ್ಯಾಕೇಜ್ ಫಾಂಟ್‌ಸ್ಪೆಕ್‌ನಲ್ಲಿ ಲಿಪಿ ಕನ್ನಡ ಅಂತ ಹೇಳಿರಲಿಲ್ಲ. ಯೂನಿಕೋಡ್ ಬಲ್ಲ ಎಂಜಿನ್ ಜೀಟೆಕ್‌ಗೆ ಆ ಒಂದು ಮಾತು ಸಾಕು. ಅಂಥದೇ ಇನ್ನೊಂದಾದ ಲುವಾಲೇಟೆಕ್ ಆದರೆ ಅದರ ಜೊತೆಗೆ, ಅಕ್ಷರ ಕೂಡಿಸುವ ಹಾರ್ಫ್‌ಬಜ್ ಬಳಸು ಅಂತಲೂ ಹೇಳಬೇಕು. ಮೂರು ಸಲ ಇಳಿಸಿದ ಅಷ್ಟು ಜಿಬಿಗೂ ಈ ತೊಂದರೆಗೂ ಸಂಬಂಧವೇ ಇರಲಿಲ್ಲ, ಪಾಪ!

ನನ್ನ ಪುಸ್ತಕ? ಬೆಳಿಗ್ಗೆ ಕಳಿಸಿದೆ. ಆದರೆ 2024ರಲ್ಲಿ ಓಡಿಸಿದಾಗ ಪುಟ 212 ಹೋಗಿ 213 ಆಗಿತ್ತು. ಒಂದು ಕೋಷ್ಟಕ ಎರಡು ಸಾಲು ಹಿಗ್ಗಿತ್ತು. ಪರಿವಿಡಿ, ಪದಸೂಚಿ ಎಲ್ಲ ಮತ್ತೆ ನೋಡಬೇಕಾಯಿತು. 2023ರಲ್ಲಿ ಕಟ್ಟಿದ ಇನ್ನೂ ಎರಡು ಪುಸ್ತಕಗಳ ಮರುಮುದ್ರಣ ಬಾಕಿ ಇದೆ. ಅದಕ್ಕೇ ಆ ಹಳೇ ಟೆಕ್ಕನ್ನು ಅಳಿಸಿಲ್ಲ. ಅದನ್ನು ಕರೆಯುವ ಎಡಿಟರ್ ಐಕಾನ್ ಮೇಲೆ 'ಹಳೇದು' ಅಂತ ಬರೆದಿಟ್ಟಿದ್ದೇನೆ.