ಬಿಸಿ ಓಣಿಗೆ ಚೆಲ್ಲಿ, ಮತ್ತ ರೊಕ್ಕಾ ಕೊಟ್ಟು ತರೂದು

ಇವತ್ತು ಸಂಜಿ ಏಳಕ್ಕ ಹುಬ್ಬಳ್ಳಿ ಹಳೇ ಬಸ್ ಸ್ಟ್ಯಾಂಡ್ ಹತ್ರ ಒಂದ್ ಲಾಡ್ಜಿನ ಮಾಳಿಗಿ ಮ್ಯಾಲೆ ನಿಂತಿದ್ದೆ. ಹೆಸರು ಬ್ಯಾಡ. ಎಸಿ ಗ್ಯಾಸ್ ಸೋರಾಕತ್ತೈತಿ ಅಂತ ಕರದಿದ್ರು. ಸಾಲಾಗಿ ಔಟ್‌ಡೋರ್ ಯುನಿಟ್ಟು, ಎಲ್ಲಾವೂ ಬಿಸಿಗಾಳಿ ಮಾರಿಗೆ ಉಗುಳಾಕತ್ತಿದ್ವು. ಅದೇ ಹೊತ್ತಿಗೆ ಕೆಳಗ ಒಂದೊಂದ್ ಬಾತ್‌ರೂಮಿನ್ಯಾಗೂ 2000 ವ್ಯಾಟಿನ ಗೀಸರಿನ ಕೆಂಪು ದೀಪ. ಕರೆಂಟ್ ಸುಟ್ಟು ರೂಮಿನ ಬಿಸಿ ಓಣಿಗೆ ಚೆಲ್ಲೂದು, ಮತ್ತ ಕರೆಂಟ್ ಸುಟ್ಟು ನೀರಿಗೆ ಬಿಸಿ ತರೂದು. ಅದೂ ಇಡೀ ರಾಜ್ಯ ಸ್ವಿಚ್ ಒತ್ತೂ ಹೊತ್ತಿನ್ಯಾಗ!

ಗೀಸರ್ ಬದ್ಲಿ ನೀರು ಕಾಸಾಕ ಹೀಟ್ ಪಂಪ್ ಹಾಕಸ್ರೀ ಅಣ್ಣಾರ, ಅಂತ ಲಾಡ್ಜಿನ ಮಾಲಕರಿಗೆ ಅಂದೆ. 'ಅವೆಲ್ಲಾ ಥಂಡಿ ದೇಶದವ್ರಿಗೋ ತಮ್ಮಾ, ಹುಬ್ಬಳ್ಳ್ಯಾಗ ಬಿಸಿ ಮಾಡೂದೇನೈತಿ' ಅಂದ್ರು. ಸಿಟ್ಟು ನುಂಗಿ ಇಳದು ಬಂದೆ, ಇಲ್ಲಿ ಕಾರಾಕತ್ತೀನಿ.

ಅಲ್ರೀ, ಎಸಿ ಅಂದ್ರ ಮತ್ತೇನು? ಹೀಟ್ ಪಂಪೇ. ಫ್ರಿಜ್ಜೂ ಅದೇ. ಬಾವಿ ಪಂಪು ನೀರು ಹುಟ್ಟಸೂದಿಲ್ಲ, ಎತ್ತತೈತಿ. ನಾ ಹೇಳಿದ ಹೀಟ್ ಪಂಪೂ ಹಂಗ, ಗಾಳ್ಯಾಗಿನ ಬಿಸಿ ಎತ್ತಿ ನೀರಿಗೆ ಹಾಕತೈತಿ. 200 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕ ಏರಸಾಕ ಗೀಸರಿಗೆ 7 ಯುನಿಟ್ ಬೇಕು. ಹೀಟ್ ಪಂಪ್ ಎರಡು-ಎರಡೂವರಿ ಯುನಿಟ್‌ನ್ಯಾಗ ಮುಗಸತೈತಿ. ಹೊರಗ ಥಂಡಿ ಹೆಚ್ಚಾದಷ್ಟು ಅದಕ್ಕ ತ್ರಾಸು. ಅಂದ್ರ ಥಂಡಿ ದೇಶಕ್ಕಿಂತ ನಮ್ಮೂರಿಗೇ ಚಲೋ ಒಗ್ಗತೈತಿ! ಮ್ಯಾಲಾಗಿ ಅದು ಬಿಡೂದು ತಂಪು ಗಾಳಿ. ಅಡಗಿಮನಿ ಕಡೆ ತಿರುಗಿಸಿದ್ರ ಭಟ್ರು ಕೈ ಮುಗೀತಾರ.

ಇನ್ನ ಹೊತ್ತಿನ ಮಾತು. ನನ್ನ ತಲಿ ಕೆಡಸೂದು ಇದು. ಕರೆಂಟ್ ಕೂಡಿಡೂದು ತುಟ್ಟಿ, ಬಿಸಿನೀರು ಕೂಡಿಡೂದು ಸಸ್ತಾ. ಚಲೋ ಇನ್ಸುಲೇಶನ್ ಇರೂ ಟ್ಯಾಂಕಿನ್ಯಾಗ ಮಧ್ಯಾಹ್ನ ಕಾಸಿದ ನೀರು ಮರುದಿನ ಮುಂಜಾನಿಗೂ ಜಳಕಕ್ಕ ಬರತೈತಿ. ಮಧ್ಯಾಹ್ನ ಯಾಕಂದ್ರ, ಪಾವಗಡದ್ದೊಂದೇ 2050 ಮೆಗಾವ್ಯಾಟ್ ಸೋಲಾರ್. ಹೊತ್ತು ಮುಳುಗಿದ್ರ ಅದು ಸೊನ್ನಿ, ಸರೀ ಆಗ ನಾವು ಗೀಸರ್ ಹಚ್ಚತೀವಿ. ಒಂದ್ ಕಾಲಕ್ಕ ಬೇಡಿಕಿ ಇಲ್ಲದ ಕರೆಂಟ್ ಅಂದ್ರ ನಟ್ಟಿರುಳಿಂದು. ಈಗ ನಡುಹಗಲೂ ಆ ಸಾಲಿಗೆ ಸೇರೈತಿ. 2023ರಾಗ ಕೇಂದ್ರ ಸರಕಾರ ನಿಯಮಾನ ತಿದ್ದಿತು: ಬಿಸಿಲಿನ ತಾಸಿನ್ಯಾಗ ದರ ಕಡಿಮಿ ಅಂದ್ರೂ ಶೇ 20 ಇಳೀಬೇಕು, ಪೀಕ್, ಅಂದ್ರ ಎಲ್ಲಾರೂ ಒಮ್ಮೆಲೇ ಕರೆಂಟ್ ಸುಡೂ ಹೊತ್ತಿನ್ಯಾಗ ಅಂಗಡಿ-ಕಾರ್ಖಾನಿಗೆ ಶೇ 20 ಏರಬೇಕು. ಹೈಟೆನ್ಷನ್, ಅಂದ್ರ ದೊಡ್ಡ ಲೈನಿಂದ ಕರೆಂಟ್ ತಗೊಳ್ಳೂ ಗಿರಾಕಿಗಳಿಗಂತೂ ನಮ್ಮ ರಾಜ್ಯದಾಗ ತಾಸು ನೋಡಿ ದರ ಹಾಕೂದು ಹೊಸಾದಲ್ಲ. ಬಿಲ್ಲಿನ ಕಡೀ ಸಾಲು ಓದಿ ಬಯ್ಯೋರು ಊರ ತುಂಬ ಅದಾರ, ಯಾವ ತಾಸಿಗೆ ಎಷ್ಟು ಸುಟ್ಟೆ ಅಂತ ನೋಡೋರು ಸಿಗವಲ್ರು.

ತಾಸು ನೋಡಿ ಬದುಕಿದವ ನಮ್ಮಪ್ಪ. ಹಾವೇರಿ ಕಡೆ ಹೊಲ, ತ್ರೀ ಫೇಜ್ ಬರೂದು ರಾತ್ರಿ. ಬ್ಯಾಟರಿ ಹಿಡಕೊಂಡು, ಹಾವು-ಚೇಳು ಅನ್ನದ, ನೀರು ಹಾಯಿಸಾಕ ಹೋಗತಿದ್ದ. ಅವ್ವ ಬಾಗಲಾಗ ಕುಂತಿರತಿದ್ಲು. ಈ ಲಾಡ್ಜಿನವ್ರಿಗೆ ಒಂದ್ ಟೈಮರ್ ತಿರುಗಸಾಕ ಬ್ಯಾಸರ.

'ರೇಟ್ ಹೇಳೋ ಮಾರಾಯಾ' ಅಂತ ಕಾಮೆಂಟ್ ಬರತಾವ, ಗೊತ್ತು. ಹೌದು, ಗೀಸರಿಗಿಂತ ಭಾಳ ತುಟ್ಟಿ. ರಿಸೆಪ್ಶನ್ನಿಗೆ ಇಟಾಲಿಯನ್ ಮಾರ್ಬಲ್ ಹಾಸೂಮುಂದ ರೊಕ್ಕಾ ಎಷ್ಟು ವರ್ಷಕ್ಕ ವಾಪಸ್ ಬರತೈತಿ ಅಂತ ಯಾರರ ಕೇಳ್ಯಾರೇನು? ಸೋಲಾರ್ ಹೀಟರ್ ಐತೆಲ್ಲಾ ಅನ್ನೋರು ಆಷಾಢದಾಗ ಧಾರವಾಡದ ಮಾಳಿಗಿ ಹತ್ತಿ ನೋಡ್ರಿ. ಮುಗಿಲು ಕವಕೊಂಡಿರತೈತಿ, ಟ್ಯಾಂಕಿನೊಳಗ ಕರೆಂಟಿನ ಕಾಯಿಲ್ ನೀರು ಕಾಸಾಕತ್ತಿರತೈತಿ. ಅದೇ ಆಷಾಢದಾಗ ಗದಗ ಕಡೆ ಕಪ್ಪತಗುಡ್ಡದ ಗಾಳಿಯಂತ್ರ ರಾತ್ರಿಯೆಲ್ಲಾ ತಿರುಗತಾವ. ಆ ಹೊತ್ತಿಗೆ ಕಾಸ್ರೆಲಾ, ಬ್ಯಾಡ ಅಂದವ್ರ್ಯಾರು?

ನಮ್ಮ ಮನ್ಯಾಗೇನೈತಿ ಅಂತೀರೇನು? ಗೀಸರ್ ರೀ. ಗೃಹಜ್ಯೋತಿ ಒಳಗ ಬಿಲ್ ಸೊನ್ನಿ. ತಾಸಿನ ಲೆಕ್ಕ ತಗದ್ರ ನಮ್ಮಾಕಿ 'ನಿಮ್ಮ ಭಾಷಣ ಲಾಡ್ಜಿನವ್ರಿಗೆ' ಅಂತಾಳ. ಪುಕ್ಕಟೆ ಕರೆಂಟಿಗೆ ಮುಂಜಾನಿ ಏನು, ಸಂಜಿ ಏನು.

ಅದಕ್ಕ ಮನಿ ಬಿಟ್ಟು ವ್ಯಾಪಾರದವ್ರನ್ನ ಕೇಳಾಕತ್ತೀನಿ. ಬ್ಯಾಡಗಿ ಕೋಲ್ಡ್ ಸ್ಟೋರೇಜಿನವ್ರು ಇಲ್ಲಿ ಯಾರರ ಅದೀರೇನು? ಸಾವಿರಗಟ್ಟಲೆ ಮೆಣಸಿನಕಾಯಿ ಚೀಲ ತಂಪ ಹಿಡದು ಕುಂತಿರತಾವ. ಮಧ್ಯಾಹ್ನ ಒಂದೆರಡು ಡಿಗ್ರಿ ಜಾಸ್ತಿ ತಂಪು ಮಾಡಿಟ್ಟು, ಬಾಗಲಾ ಬಿಗಿ ಹಾಕಿದ್ರ, ಸಂಜಿ ಪೀಕಿನ್ಯಾಗ ಕಂಪ್ರೆಸರ್ ಒಂದಿಷ್ಟು ತಾಸು ಸುಮ್ಮನಿರಬಹುದು. ನೀವು ಬಂದ್ ಮಾಡತೀರೋ ಇಲ್ಲೋ, ಕಾಮೆಂಟಿನ್ಯಾಗ ಹೇಳ್ರಿ. ಮಾಡವಲ್ರಿ ಅಂದ್ರ ನನ್ನ ನಂಬರ್ ನಿಮ್ಮ ಕಡೆ ಐತಿ.